ಹೆದರಿದವನ ಪಿಸ್ತೂಲು

ಆ ಕಾಲದ ಅಮೆರಿಕದಲ್ಲಿ ಪಿಸ್ತೂಲಿನ ಬೀಗ ಒಡೆಯನ ಭಯಕ್ಕಷ್ಟೇ ಬಿಚ್ಚಿಕೊಳ್ಳುತ್ತಿತ್ತು. ಅವನು ನಿಜವಾಗಿ ಹೆದರಿದರೆ ಹಿಡಿಕೆಯ ದೀಪ ಕೆಂಪಾಗುತ್ತಿತ್ತು. ಆಮೇಲೆ ಗುಂಡು ಹಾರಿಸಿದರೆ ಕಾನೂನಿನ ಪ್ರಕಾರ ಅದು ಕೊಲೆಯಲ್ಲ. ಹಾಗಾಗಿ ಕಪ್ಪು ವರ್ಣದ ಸೂಲಗಿತ್ತಿ ಅರ್ನೆಸ್ಟೀನ್ ಯಾರನ್ನೂ ಬೆಚ್ಚಿಬೀಳಿಸಬಾರದೆಂದು ದೂರದಿಂದಲೇ ಹಾಡಿಕೊಂಡು ಹೋಗುತ್ತಿದ್ದಳು.

ಬಡಾವಣೆ, ಆಸ್ಪತ್ರೆ ಎಲ್ಲವೂ ರಾಜಕೀಯ ಪಕ್ಷಗಳ ಪ್ರಕಾರ ಹಂಚಿಹೋಗಿದ್ದವು. ಅಂದು ಅವಳು ಹೋದದ್ದು ಎದುರು ಪಕ್ಷದವರ ಬಡಾವಣೆಗೆ. ಅವರ ಪಕ್ಷದ ಆಸ್ಪತ್ರೆ ದೂರವಿತ್ತು, ಅಲ್ಲಿನ ಕೆಲ್ಸಿ ಎಂಬವಳಿಗೆ ಹೆರಿಗೆ ನೋವು ಜೋರಾಗಿತ್ತು. ಬಾಗಿಲು ತೆಗೆದ ಕೆಲ್ಸಿಯ ಗಂಡ ವೇಡ್‌ನ ಸೊಂಟದ ಪಿಸ್ತೂಲಿನ ದೀಪ ಹಳದಿಗೆ ತಿರುಗಿತು.

"ನಿನ್ನನ್ನು ಯಾರು ಕರೆದದ್ದು?"

"ನಾನು!" ಒಳಗಿನಿಂದ ಕೆಲ್ಸಿ ಕಿರುಚಿದಳು. "ದಾರಿ ಬಿಡು!"

ಮಗು ಹುಟ್ಟಿತು, ಆದರೆ ಅಳಲಿಲ್ಲ. ನೀಲಿಗಟ್ಟಿದ ಆ ಮೈಯನ್ನು ಅರ್ನೆಸ್ಟೀನ್ ಬಟ್ಟೆಯಿಂದ ಉಜ್ಜತೊಡಗಿದಳು.

"ನನ್ನ ಮಗೂಗೆ ಏನು ಮಾಡ್ತಿದ್ದೀಯ?" ಎಂದು ವೇಡ್ ಚೀರಿದ. ಅವಳ ಬೆನ್ನ ಹಿಂದೆ ಪಿಸ್ತೂಲಿನ ಬೀಗ ಟಕ್ಕೆಂದು ಬಿಚ್ಚಿಕೊಂಡಿತು.

ತಿರುಗಿ ಅವನನ್ನು ಸಮಾಧಾನ ಮಾಡಿದರೆ ತಾನು ಉಳಿಯಬಹುದು, ಮಗು ಉಳಿಯದು. ಅವಳು ತಿರುಗಲಿಲ್ಲ. ಮಗುವಿನ ಬಾಯಿಗೆ ಬಾಯಿಟ್ಟು ಮೆಲ್ಲಗೆ ಊದಿದಳು, ಮತ್ತೆ ಊದಿದಳು.

ಮಗು ಕೆಮ್ಮಿತು. ಆಮೇಲೆ ಸೂರು ಹಾರಿಹೋಗುವಂತೆ ಅತ್ತಿತು.

ಅವಳು ತಿರುಗಿದಾಗ ಪಿಸ್ತೂಲು ಅವಳತ್ತಲೇ ಮುಖ ಮಾಡಿತ್ತು. ಹಿಡಿದವನು ಬಿಕ್ಕುತ್ತಿದ್ದ.

"ಮಗೂನ ಎತ್ಕೊಳ್ಳೋಕೆ ಎರಡೂ ಕೈ ಬೇಕು," ಎಂದಳು.

"ಆ ಪಿಸ್ತೂಲನ್ನ ಇತ್ತ ಕೊಡು, ವೇಡ್," ಎಂದು ಕೆಲ್ಸಿ ಹಾಸಿಗೆಯಿಂದ ಕೈಚಾಚಿದಳು.

ಅವನು ಕೊಟ್ಟ. ಮಗುವನ್ನು ಎದೆಗವಚಿಕೊಂಡ. ಆಗ ಮಾತ್ರ ಅರ್ನೆಸ್ಟೀನ್ ನೆಲದ ಮೇಲೆ ಕೂತು, ತನ್ನ ಉಸಿರು ಆಡುತ್ತಿದೆಯೇ ಎಂದು ನೋಡಿಕೊಂಡಳು.