ಹಲಸಿನ ಮರದ ಕುರ್ಚಿ

"ಉಸಿರು ಎಳೆದು ಹಿಡಿದುಕೊಳ್ಳಿ" ಎಂದಿತು ಒಳಗಿನ ಸ್ಕ್ಯಾನ್ ಯಂತ್ರದ ದನಿ. ವರಾಂಡದಲ್ಲಿ ನಿಂತಿದ್ದ ಸುಲೈಮಾನರೂ ಉಸಿರು ಹಿಡಿದರು. ಮೂರು ತಿಂಗಳಿಂದ ಕೆಮ್ಮು ಬಿಡದ ಹೆಂಡತಿ ಝೈನಬ್ ಒಳಗೆ ಮಲಗಿದ್ದಳು.

ಬೆಳ್ತಂಗಡಿಯ ಈ ಆಸ್ಪತ್ರೆಗೆ ಮೊದಲ ಎಕ್ಸ್‌ರೇ ಯಂತ್ರ ಬಂದಾಗ ಅದನ್ನು ನಡೆಸಿದವರು ಸುಲೈಮಾನರೇ. ನಿಲ್ಲಲಾಗದ ರೋಗಿಗಳ ಎದೆಯ ಚಿತ್ರ ತೆಗೆಯಲು, ಬೆನ್ನಿಗೆ ಫಿಲ್ಮ್ ಸಿಕ್ಕಿಸುವಂಥ ಹಲಸಿನ ಮರದ ಕುರ್ಚಿಯೊಂದನ್ನು ತಾವೇ ಯೋಚಿಸಿ ಮಾಡಿಸಿದ್ದರು. ಬಂಟ್ವಾಳ, ಮೂಡುಬಿದಿರೆಯವರೂ ಬಂದು ಅದರ ಅಳತೆ ತೆಗೆದುಕೊಂಡು ಹೋಗಿದ್ದರು. ಈಗಿನವರಿಗೆ ಅದು ವರಾಂಡದ ಮೂಲೆಯಲ್ಲಿ ಬಿದ್ದಿರುವ ಹಳೇ ಕುರ್ಚಿ, ಅಷ್ಟೆ. ಅದಕ್ಕೆ ತಮ್ಮ ಹೆಸರು ಬರೆಸಿ ಎಂದು ಅವರೂ ಕೇಳಿದವರಲ್ಲ.

ಚಿತ್ರದಲ್ಲಿ ಕಂಡದ್ದನ್ನು ಹೇಳುವುದು ಡಾಕ್ಟರ ಕೆಲಸ, ಯಂತ್ರ ನಡೆಸುವವರದ್ದಲ್ಲ. ಆದರೆ ಕೆಟ್ಟದ್ದು ಕಂಡರೆ ಸುಲೈಮಾನರು ರೋಗಿಯ ಮನೆಯವರನ್ನು ಕರೆದು, ಏನೂ ಹೇಳದೆ, ಅದೇ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಡಾಕ್ಟರು ಬಂದು ಹೇಳುವಾಗ ಪಾಪ, ಬೀಳಬಾರದಲ್ಲ! ತಮ್ಮ ಕೈಕೆಳಗೆ ಕೆಲಸ ಕಲಿತ ವಿಸ್ಮಿತಾಳಿಗೂ ಅದನ್ನೇ ಕಲಿಸಿದ್ದರು.

ಬಾಗಿಲು ತೆರೆದು ವಿಸ್ಮಿತಾ ಹೊರಬಂದಳು.

"ಮುಗಿಯಿತಾ ಮಗಳೇ?"

"ಮುಗಿಯಿತು ಸಾರ್. ಬಟ್ಟೆ ಬದಲಿಸ್ತಾ ಇದ್ದಾರೆ. ರಿಪೋರ್ಟ್ ಡಾಕ್ಟರ್ ಹೇಳ್ತಾರೆ."

"ಅದು ನನಗೆ ಗೊತ್ತುಂಟು ಮಾರಾಯ್ತಿ. ನಿನಗೆ ಏನು ಕಂಡಿತು?"

ಅವಳು ಮೂಲೆಗೆ ಹೋಗಿ ಆ ಕುರ್ಚಿಯನ್ನು ಎಳೆದು ತಂದಳು. ಶಾಲಿನ ತುದಿಯಿಂದ ಧೂಳು ಒರೆಸಿ ಅವರ ಮುಂದಿಟ್ಟಳು.

"ಕೂತುಕೊಳ್ಳಿ ಸಾರ್."

ಸುಲೈಮಾನರು ಒಂದು ಹೆಜ್ಜೆ ಹಿಂದೆ ಸರಿದರು. "ಬೇಡ, ನಾನು ನಿಂತೇ ಇರ್ತೇನೆ" ಎಂದರು. ಆದರೂ ಕುರ್ಚಿಯ ಬೆನ್ನು ಹಿಡಿದು ಮೆಲ್ಲನೆ ಕೂತರು. ಎಷ್ಟೋ ಜನರನ್ನು ಕೂರಿಸಿದ ಆ ಕುರ್ಚಿಯಲ್ಲಿ ಅವರು ಕೂತದ್ದು ಇದೇ ಮೊದಲು.

ಅಷ್ಟರಲ್ಲಿ ಝೈನಬ್ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದರಲ್ಲಿ ತಲೆಯ ಬಟ್ಟೆ ಸರಿಪಡಿಸಿಕೊಳ್ಳುತ್ತಾ ಬಂದಳು. ಗಂಡನನ್ನು ಕಂಡು ನಕ್ಕಳು. ನಗುವಿನ ಹಿಂದೆಯೇ ಕೆಮ್ಮು ಬಂತು.

"ಒಳ್ಳೇ ಕಥೆ! ಸ್ಕ್ಯಾನ್ ಮಾಡಿದ್ದು ನನಗೆ, ಕುರ್ಚಿ ನಿಮಗಾ? ಏಳಿ, ನಾನು ಸ್ವಲ್ಪ ಕೂರ್ತೇನೆ."

"ಇದರಲ್ಲಿ ನೀನು ಕೂರುವುದು ಬೇಡ ಝೈನಬ್."

ಸುಲೈಮಾನರು ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಅವಳು ಎದುರಿಗೇ ನಿಂತಿದ್ದರೂ ಏಳಲಿಲ್ಲ.