ಎಡಗಾಲಿನ ಬೂಟು

ಅಂದಿನ ಅತ್ಯಂತ ಗಂಭೀರ ವಿಷಯವೆಂದರೆ ವಸೂಲಿ ಅಧಿಕಾರಿಯ ಎಡಗಾಲಿನ ಬೂಟು. ತೆರಿಗೆ ಬಾಕಿಗಾಗಿ ತಮ್ಮ ನಾದಿನಿ ಕಪ್ಪೆಚಿಪ್ಪು ಬಾಚುವ ಕಡಲಂಚಿನ ಕೆಸರುದಿಬ್ಬವನ್ನು ಜಪ್ತಿ ಮಾಡಲು ಕೆಂಪು ಬಾವುಟದ ಕೋಲು ಊರಿ ತಿರುಗುವಷ್ಟರಲ್ಲಿ, ಆ ಬೂಟು ಕಾಲಿನ ಸಮೇತ ಕೆಸರಿನಲ್ಲಿ ಹೂತುಹೋಗಿತ್ತು. ಉಬ್ಬರ ಏರುತ್ತಿತ್ತು. ಒಂದು ಉಬ್ಬರ ಕಳೆಯುವವರೆಗೆ ಕೋಲು ನಿಂತಿದ್ದರೆ ಮಾತ್ರ ಜಪ್ತಿ ಊರ್ಜಿತ. ಆ ವರ್ಷದ ಜಪ್ತಿಗೆ ಅಂದೇ ಕಡೆಯ ದಿನ.

"ಕೋಲು ಕಿತ್ತು ಅಡ್ಡ ಹಾಕಿ ಭಾವ, ಅದರ ಮೇಲೆ ಭಾರ ಬಿಟ್ಟು ಏಳಿ," ಎಂದಳು ನಾದಿನಿ, ಚಿಪ್ಪು ಬಾಚುವುದನ್ನು ನಿಲ್ಲಿಸದೆ.

"ಕಿತ್ರೆ ಜಪ್ತಿ ಬಿದ್ದುಹೋಗುತ್ತಲ್ಲೇ!"

"ಕೀಳದಿದ್ರೆ ನೀವೇ ಹೋಗ್ತೀರಿ. ಆಮೇಲೆ ಅಕ್ಕನಿಗೆ ನಾನೇನು ಹೇಳ್ಲಿ?"

ನೀರು ಮೊಣಕಾಲು ದಾಟಿತು. ಅಧಿಕಾರಿ ಬಾವುಟವನ್ನೊಮ್ಮೆ, ಸಮುದ್ರವನ್ನೊಮ್ಮೆ ನೋಡಿ, ಸರ್ಕಾರದ ಕೋಲನ್ನು ಕಿತ್ತು ಮಲಗಿಸಿದರು. ಆಗ ಅವಳು ಬುಟ್ಟಿ ಬಿಟ್ಟು ಬಂದು, ಕಂಕುಳಿಗೆ ಕೈಹಾಕಿ ಎಳೆದಳು.

ಆ ವರ್ಷ ದಿಬ್ಬ ಅವಳಲ್ಲೇ ಉಳಿಯಿತು. ಬೂಟು ದಿಬ್ಬದಲ್ಲಿ ಉಳಿಯಿತು.