ಬಸಲಿಂಗವ್ವನಿಗೆ ಬಂದ ಕರಿಮೋಡ

ಚೈತ್ರದಲ್ಲಿ ಮೋಡಗಳು ಮಾಳಿಗೆಗಳ ಮೇಲೆ ಇಳಿದು ತಂಗುತ್ತಿದ್ದವು. ಗದಗಿನ ಆ ಓಣಿಯಲ್ಲಿ ದಿನವೂ ಬೆಳಗ್ಗೆ ಅವನ್ನು ಮುಟ್ಟಿ ನೋಡಿ, ಧ್ವನಿವರ್ಧಕದಲ್ಲಿ ಹವಾಮಾನ ಹೇಳುವುದು ಕಾಶವ್ವನ ಕೆಲಸ.

ಅಂದು ಪಕ್ಕದ ಮನೆಯ ಫಕೀರಪ್ಪ ಅವಳು ಹತ್ತಿದ್ದ ಏಣಿಯ ಬುಡಕ್ಕೆ ಬಂದು ನಿಂತ. "ಅಕ್ಕಾರ, ನಮ್ಮಾಕಿ ಬಸಲಿಂಗವ್ವ ಹಾಸಿಗಿ ಹಿಡದು ವರ್ಷಾತು. ಒಮ್ಮೆ ಮಳ್ಯಾಗ ತೋಯಿಸ್ಕೋಬೇಕು ಅಂತಾಳ. ಇವತ್ತ ಬರ್ತದೇನ್ರಿ?"

ಅವನ ಮಾಳಿಗೆಯ ಮೇಲಿದ್ದದ್ದು ಅರಳೆಯಂಥ ಬಿಳಿಮೋಡ; ಹಿಂಡಿದರೂ ಹನಿಯಿಲ್ಲ. ಓಣಿಯ ತುದಿಮನೆಯ ಮೇಲೆ ಮಾತ್ರ ಒಂದು ಕರಿಮೋಡ ಭಾರವಾಗಿ ಕೂತಿತ್ತು. ಆ ಮನೆಯವರು ಆಗಲೇ ಕೊಡಗಳನ್ನು ಸಾಲಾಗಿ ಇಟ್ಟಿದ್ದರು.

ಕಾಶವ್ವ ಹವಾಮಾನ ಹೇಳಿ ಮುಗಿಸಿದಳು. ಧ್ವನಿವರ್ಧಕ ಕೆಳಗಿಡದೆ, "ಆ ಕರಿಮೋಡ ಫಕೀರಪ್ಪನ ಅಂಗಳಕ್ಕ ಬಂದ್ರ ಬಸಲಿಂಗವ್ವ ತೋಯ್ತಾಳ" ಎಂದಳು. ಒಬ್ಬರ ಮಳೆಯನ್ನು ಇನ್ನೊಬ್ಬರಿಗಾಗಿ ಕೇಳುವ ಹಕ್ಕು ಅವಳಿಗಿರಲಿಲ್ಲ.

ತುದಿಮನೆಯವರೇ ಮೊದಲು ಬಿದಿರಿನ ಕೋಲು ಹಿಡಿದು ಮಾಳಿಗೆ ಹತ್ತಿದರು. ಮನೆಯಿಂದ ಮನೆಗೆ ಮೆಲ್ಲಗೆ ನೂಕುತ್ತ ಎಲ್ಲರೂ ಸೇರಿ ಮೋಡವನ್ನು ಫಕೀರಪ್ಪನ ಅಂಗಳದ ಮೇಲೆ ತಂದು ನಿಲ್ಲಿಸಿದರು.

ಅಂಗಳಕ್ಕೆ ತಂದಿಟ್ಟ ಹೊರಸಿನ ಮೇಲೆ ಮಲಗಿದ್ದ ಬಸಲಿಂಗವ್ವನ ಮುಖಕ್ಕೆ ಹನಿಗಳು ಬಿದ್ದವು. ಫಕೀರಪ್ಪ ಗಾಬರಿಯಾಗಿ ಕೊಡೆ ಬಿಚ್ಚಿದ.

"ಅದನ್ನ ಮಡಚ್ರಿ," ಎಂದಳು ಅವಳು. "ಬರ್ರಿ, ನೀವೂ ತೋಯಿಸ್ಕೋರಿ."